ಬಚ್ಚಲ ಕಿಟಕಿಯ ಗಾಳಿ

ಹೊಸ ಶತಮಾನದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು, ಯಾರು ಏನೇ ಅಂದರೂ ಎದುರು ಪಕ್ಷ ನನ್ನದೇ. ನಮ್ಮ ಪ್ರಯೋಗಾಲಯದಲ್ಲಿ ಮನುಷ್ಯರ ಶ್ವಾಸಕೋಶದ ಜೀವಕೋಶಗಳನ್ನು ತಟ್ಟೆಯಲ್ಲಿ ಪದರಾಗಿ ಬೆಳೆಸಿ, ಊರ ಗಾಳಿಯಿಂದ ಹಿಡಿದ ಮಸಿಯನ್ನು ಅವಕ್ಕೆ ಉಣಿಸುತ್ತಿದ್ದೆವು. ಆಮೇಲೆ ನೀಲಿ ಬಣ್ಣ ಹಾಕುವುದು. ಬದುಕಿದ ಕೋಶ ಬಣ್ಣವನ್ನು ಒಳಗೆ ಬಿಡುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ.

ಈ ತಟ್ಟೆ ಮನುಷ್ಯ ಹೆಂಗಾದೀತು ಎಂದು ಪ್ರಯೋಗಾಲಯ ನಡೆಸುತ್ತಿದ್ದ ಮೇಡಂ ಜೊತೆ ದಿನಾ ನನ್ನ ಜಗಳ. ಇದಕ್ಕೆ ಮೂಗಿಲ್ಲ, ಕೆಮ್ಮಿಲ್ಲ, ಓಡಿಹೋಗಲು ಕಾಲಿಲ್ಲ.

"ವಾದ ಸಾಕು ತಮ್ಮಾ, ಗಾಳಿ ತಗೊಂಡ ಬಾ," ಅಂದರು.

ಲಕಮನಹಳ್ಳಿಯ ಕಾರ್ಖಾನೆ ಗಾಳಿ ಆಗಲೇ ಸಿಕ್ಕಿತ್ತು. ಹೋಲಿಸಿ ನೋಡಲು ಒಳ್ಳೆಯ ಗಾಳಿ ಬೇಕು. ಉಣಕಲ್ ಕೆರೆಯ ಹತ್ತಿರ ನಮ್ಮ ಮನೆ. ಅದಕ್ಕಿಂತ ಛಲೋ ಗಾಳಿ ಎಲ್ಲಿದೆ ಎಂದು ಸವಾಲು ಹಾಕಿ, ಗಾಳಿಯ ಮಸಿ ಹಿಡಿಯುವ ಪಂಪು ಹೊತ್ತೊಯ್ದೆ. ಹಿತ್ತಲಲ್ಲಿ ಕರೆಂಟು ಸಿಗುತ್ತಿದ್ದದ್ದು ಬಚ್ಚಲ ಕಿಟಕಿಯ ಬಳಿ ಮಾತ್ರ. ಅಲ್ಲೇ ಇಟ್ಟೆ.

ಎರಡೂ ಗಾಳಿಯ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕಾರ್ಖಾನೆಯದರಲ್ಲಿ ಅಲ್ಲಲ್ಲಿ ನೀಲಿ. ನಮ್ಮ ಮನೆಯದು ಪೂರಾ ನೀಲಿ. ಚೀಟಿ ಅದಲುಬದಲಾಗಿದೆ ಎಂದು ವಾದಿಸಿದೆ. ಮೇಡಂ ಮತ್ತೊಮ್ಮೆ ಮಾಡಿಸಿದರು. ಮತ್ತೆ ನೀಲಿ.

ಆಗ ನೆನಪಾಯಿತು, ಆ ಕಿಟಕಿಯ ಒಳಗಿನ ಹಂಡೆಯ ಒಲೆ. ಚಪ್ಪಲಿ ಕಾರ್ಖಾನೆಯಲ್ಲಿ ದುಡಿಯುವ ಕಾಕಾ ತರುವ ರಬ್ಬರ್ ಚೂರು ಹಾಕಿದರೆ ಹಸಿ ಕಟ್ಟಿಗೆಯೂ ಲಗೂ ಹೊತ್ತುತ್ತದೆಂದು ಓಣಿಯವರೆಲ್ಲ ನಮ್ಮಿಂದಲೇ ಒಯ್ಯುತ್ತಿದ್ದರು. ದಿನಾ ಬೆಳಗ್ಗೆ ಆ ಒಲೆಯ ಮುಂದೆ ಕೂತು ಊದುಗೊಳವೆ ಹಿಡಿಯುತ್ತಿದ್ದವಳು ಅವ್ವ. ಎರಡು ಚಳಿಗಾಲದಿಂದ ಅವಳ ಕೆಮ್ಮು ನಿಂತಿರಲಿಲ್ಲ. ಹವಾ ಬದಲಾಗಿದ್ದಕ್ಕೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಸಂಜೆ ಮನೆಗೆ ಬಂದು ಅವ್ವಗೆ ಎಲ್ಲಾ ಹೇಳಿದೆ. ತಟ್ಟೆಯ ಕಥೆ ಕೇಳಿ ನಕ್ಕಳು.

"ತಟ್ಟ್ಯಾಗಿಂದು ಸತ್ತರ ನಾ ಸಾಯ್ತೇನೇನು? ಇಷ್ಟ ವರ್ಷ ಇದ ಒಲಿಮ್ಯಾಗ ನಿನಗ ನೀರು ಕಾಸೇನಿ."

ನನ್ನದೇ ವಾದ, ಅವಳ ಬಾಯಲ್ಲಿ. ಒಲೆಯ ಪಕ್ಕದ ರಬ್ಬರ್ ಚೂರಿನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡೆ.

"ನಾಳಿ ತಣ್ಣೀರಾಗ ಜಳಕ ಮಾಡಾಂವ ಯಾರು?"

"ನಾನ," ಅಂದೆ.

ಬಾಗಿಲ ಹೊರಗೆ ನಿಂತುಬಿಟ್ಟೆ. ಚೀಲ ಎಲ್ಲಿ ಎಸೆಯಲಿ? ಯಾರ ಕೈಗೆ ಸಿಕ್ಕರೂ ಅದು ಇನ್ನೊಂದು ಬಚ್ಚಲಿನ ಒಲೆಗೇ ಹೋಗುತ್ತಿತ್ತು. ಒಳಗೆ ಅವ್ವ ಕೆಮ್ಮುತ್ತಿದ್ದಳು.