ಇಪ್ಪತ್ತೇಳನೆಯ ದುಆ

ಹಾಸಿಗೆ ಆಪಾಳ ಮುತ್ತಜ್ಜ ಬಾವಿ ತೋಡುವವನು. ನಲವತ್ತು ಬಾವಿ ತೋಡಿದ. ಮೂವತ್ತೊಂಬತ್ತರಲ್ಲಿ ನೀರು ಬಂತು. ನಲವತ್ತನೆಯದರ ಮಾತೆತ್ತಿದವರ ಮನೆಯಲ್ಲಿ ಆತ ಆಮೇಲೆ ಒಂದು ಲೋಟ ನೀರು ಕೂಡ ಕುಡಿಯಲಿಲ್ಲ. ಅಜ್ಜ ಹತ್ತಿ ಹಿಂಜುವವನು. ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ, ಅದರ ತಂತಿ ಮೀಟುತ್ತ ಬೀದಿ ಬೀದಿ ತಿರುಗುತ್ತಿದ್ದ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ಕಿಟಕಿಯಿಂದ ತಲೆ ಹಾಕಿ, ನಿನ್ನ ಗದ್ದಲಕ್ಕೆ ನನ್ನ ಮಧ್ಯಾಹ್ನದ ನಿದ್ದೆ ಹಾಳಾಯಿತು ಎಂದು ಗದರಿದಾಗ, ಹಾಳಾದದ್ದು ನಿದ್ದೆಯಲ್ಲ ಸ್ವಾಮಿ, ಹಾಸಿಗೆ ಎಂದು ಹೇಳಿ ಒಳಗೆ ನುಗ್ಗಿ ಆ ಹಾಸಿಗೆಯನ್ನೇ ಹೊತ್ತು ತಂದ ಗಂಡಸು. ಅಪ್ಪ ಹಾಸಿಗೆ ಹೊಲಿಯುವವನು. ಮೂರು ಸಲ ಮಸೀದಿಯ ಕಮಿಟಿಗೆ ಆಯ್ಕೆಯಾಗಿ, ಮೂರು ಸಲವೂ ಮೊದಲನೆಯ ಸಭೆಯಲ್ಲೇ ರಾಜೀನಾಮೆ ಬಿಸಾಕಿ ಎದ್ದು ಬಂದವನು. ಈ ಮೂವರ ಹಟವನ್ನು ಒಂದೇ ಗವುಸಿಗೆ ತುಂಬಿ, ಮೇಲೊಂದಿಷ್ಟು ತಾಯಿಯ ನಾಲಿಗೆಯನ್ನೂ ತುರುಕಿ, ದಪ್ಪ ದಾರದಲ್ಲಿ ಬಿಗಿಯಾಗಿ ಹೊಲಿದರೆ ಏನಾಗುತ್ತದೋ ಅದು ಹಾಸಿಗೆ ಆಪಾ.

ಆಪಾ ಅಂದರೆ ಅಕ್ಕ. ಅರವತ್ತೆಂಟು ತುಂಬಿದರೂ, ಅವಳಲ್ಲಿ ಕಲಿತವರ ಮಕ್ಕಳಿಗೂ ಅವಳು ಅಕ್ಕನೇ. ಮಕ್ಕಳು ಅಜ್ಜಿ ಎಂದು ಕರೆದರೆ ಅವಳ ಕಿವಿಗೆ ಕೇಳಿಸುತ್ತಿರಲಿಲ್ಲ.

ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ, ಅದೇ ಶಾಲೆ. ಒಂದು ಮೂಲೆಯಲ್ಲಿ ಸೊಂಟದೆತ್ತರ ಹತ್ತಿ, ನಡುವೆ ಅರ್ಧ ಹೊಲಿದ ಹಾಸಿಗೆ, ಗೋಡೆಗೆ ಸಿಕ್ಕಿಸಿದ ಗೇಣುದ್ದದ ಸೂಜಿಗಳು. ಸಂಜೆ ಶಾಲೆ ಬಿಟ್ಟ ಮೇಲೆ ಹದಿನೈದಿಪ್ಪತ್ತು ಮಕ್ಕಳು ಬಂದು ಆ ಅರ್ಧ ಹೊಲಿದ ಹಾಸಿಗೆಯ ಮೇಲೆ ಕೂರುವರು. ಹತ್ತಿಯೂ ಅಮರುತ್ತಿತ್ತು, ಮಕ್ಕಳೂ ಅಮರುತ್ತಿದ್ದರು. ಹೊಸ ಹಾಸಿಗೆ ಕೊಂಡವರು ಮೊದಲ ರಾತ್ರಿಯೇ ಹಳೆಯದರಂತೆ ಹಿತವಾಗಿದೆ ಎಂದು ಹೊಗಳಿದರೆ, ಆಪಾ ಆ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ.

ಅವಳು ಕಲಿಸುತ್ತಿದ್ದದ್ದು ದುಆ. ಉಣ್ಣುವಾಗ, ಉಂಡೆದ್ದಾಗ, ಮಲಗುವಾಗ, ಎದ್ದಾಗ, ಮನೆಯಿಂದ ಹೊರಡುವಾಗ ದೇವರಲ್ಲಿ ಬೇಡುವ ನಾಲ್ಕು ನಾಲ್ಕು ಮಾತು. ಅಂಥವನ್ನು ಕಲಿಸುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ಆದರೆ ಆಪಾಳ ಕ್ರಮವೇ ಬೇರೆ. ಯಾವ ದುಆ ಎಲ್ಲಿ ಹೇಳಬೇಕೋ ಅಲ್ಲೇ ನಿಲ್ಲಿಸಿ ಕಲಿಸುವಳು. ಊಟದ ದುಆ ಬೇಕೇ, ಕೈಯಲ್ಲಿ ತುತ್ತು ಇರಬೇಕು. ಹೊರಡುವ ದುಆ ಬೇಕೇ, ಹೊಸ್ತಿಲ ಮೇಲೆ ನಿಲ್ಲಬೇಕು. ಕಕ್ಕಸಿಗೆ ಹೋಗುವ ದುಆ ಕಲಿಸುವ ತಿಂಗಳು ಹಿತ್ತಲ ಬಾಗಿಲಿನಿಂದ ಮಕ್ಕಳ ಸಾಲು ನಿಲ್ಲುತ್ತಿತ್ತು. ಹೊರಗೆ ನಿಂತು ದುಆ, ಹೋಗುವಾಗ ಎಡಗಾಲು ಒಳಗೆ, ಬರುವಾಗ ಬಲಗಾಲು ಹೊರಗೆ. ನಿಜವಾಗಿ ಅವಸರವಿದ್ದವರು ಪಕ್ಕದ ಮನೆಗೆ ಓಡಬೇಕಾಗುತ್ತಿತ್ತು. ಸೀನಿನ ದುಆಗೆ ಮಾತ್ರ ಅವಳು ಯಾವ ಕಷ್ಟವನ್ನೂ ಪಡಬೇಕಿರಲಿಲ್ಲ. ಹತ್ತಿಯ ಧೂಳಿಗೆ ಒಬ್ಬ ಸೀನಿ, ದೇವರಿಗೆ ಸ್ತುತಿ ಎಂದು "ಅಲ್‌ಹಮ್ದುಲಿಲ್ಲಾ" ಅನ್ನುವಷ್ಟರಲ್ಲಿ, ದೇವರು ನಿನಗೆ ಕರುಣೆ ತೋರಲಿ ಎಂದು ಹೇಳಬೇಕಾದವನೇ ಸೀನುವನು.

ಒಂದು ದುಆಗೆ ಒಂದು ತಿಂಗಳು. ಯಾಕಿಷ್ಟು ನಿಧಾನ ಎಂದು ಕೇಳಿದ ತಾಯಂದಿರಿಗೆ ಅವಳದು ಒಂದೇ ಉತ್ತರ. "ದುಆ ಅಂದ್ರೆ ಅಲ್ಲಾನ್ನ ಕರೆಯೋದು ಕಣಮ್ಮ. ಎಷ್ಟು ಸಲ ಬೇಕಾದ್ರೂ ಕರೀಲಿ. ಆದ್ರೆ ಕರೆದ ಮೇಲೆ, ಯಾಕೆ ಕರೆದೆ ಅನ್ನೋದು ಆ ಮಗೂಗೆ ಗೊತ್ತಿರಬೇಕು."

ಮೂವತ್ತೊಂದು ವರ್ಷ ಹೀಗೇ ನಡೆಯಿತು. ಆಮೇಲೆ ನಲ್ಲಿ ಸಾಹುಕಾರರ ಕಣ್ಣು ಇತ್ತ ಬಿತ್ತು.

ನಲ್ಲಿ ಸಾಹುಕಾರರದು ಬಚ್ಚಲುಮನೆಯ ಸಾಮಾನಿನ ದೊಡ್ಡ ಅಂಗಡಿ. ಅವರೇ ಮಸೀದಿ ಕಮಿಟಿಯ ಅಧ್ಯಕ್ಷರು. ಮಸೀದಿಯ ಹನ್ನೆರಡು ನಲ್ಲಿಗಳೂ ಅವರ ದಾನ, ಹನ್ನೆರಡರ ಮೇಲೂ ಅವರ ಹೆಸರು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವವರು ದೇವರ ಹೆಸರನ್ನು ಒಮ್ಮೆ ಹೇಳಿದರೆ, ಸಾಹುಕಾರರ ಹೆಸರನ್ನು ಮೂರು ಸಲವಾದರೂ ಓದಲೇಬೇಕು. ಮೈಕೂ ಅವರದೇ ದಾನ. ಅದರ ಮೇಲೆ ಹೆಸರು ಕೊರೆಯಲು ಜಾಗ ಸಾಲದೆ, ಕಂಬಕ್ಕೆ ಒಂದು ಹಲಗೆ ಹೊಡೆಸಿದ್ದರು.

ಅವರು ಒಂದು ದಿನ ಆಪಾಳ ಕೋಣೆಯ ಬಾಗಿಲಲ್ಲಿ ನಿಂತು, ಬಟ್ಟೆಗೆ ಹತ್ತಿ ಅಂಟದಷ್ಟು ದೂರದಿಂದಲೇ ವಿಚಾರಣೆ ನಡೆಸಿದರು. ಒಂದು ಮಗು ಇಲ್ಲಿ ಒಟ್ಟು ಎಷ್ಟು ದುಆ ಕಲಿಯುತ್ತದೆ? ಹದಿನೆಂಟು ಎಂದಳು ಆಪಾ. ಎಷ್ಟು ದಿನಕ್ಕೆ? ಒಂದೂವರೆ ವರ್ಷಕ್ಕೆ. ಸಾಹುಕಾರರು ಮೀಸೆಯಡಿಯಲ್ಲೇ ನಕ್ಕರು. ಅವರು ಹೊಸದಾಗಿ ಕರೆತಂದಿರುವ ಮೇಷ್ಟ್ರು ನಲವತ್ತು ದಿನಕ್ಕೆ ನಲವತ್ತು ದುಆ ಕಲಿಸುತ್ತಾರಂತೆ. ಅಷ್ಟನ್ನೂ ಎರಡೂವರೆ ನಿಮಿಷದಲ್ಲಿ ಒಪ್ಪಿಸುತ್ತಾರಂತೆ ಮಕ್ಕಳು. ಇದನ್ನು ಅಳೆಯುವುದಕ್ಕೆ ಮೇಷ್ಟ್ರ ಕೊರಳಲ್ಲಿ ಓಟದ ಪಂದ್ಯದ ಗಡಿಯಾರವೇ ನೇತಾಡುತ್ತಿದೆಯಂತೆ.

"ಅಷ್ಟು ಬೇಗ ಹೇಳಿ ಮುಗಿಸಿ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿದಳು ಆಪಾ.

ಸಾಹುಕಾರರಿಗೆ ಇಂಥ ಪ್ರಶ್ನೆ ಕೇಳಿ ಅಭ್ಯಾಸವಿರಲಿಲ್ಲ. ಮಸೀದಿಯ ಸಭಾಂಗಣದಲ್ಲಿ ಒಂದು ಸ್ಪರ್ಧೆ ಇಡೋಣ ಎಂದರು. ಯಾರ ಮಕ್ಕಳು ಗೆಲ್ಲುತ್ತಾರೋ ಬೀದಿಯ ಎಲ್ಲ ಮಕ್ಕಳೂ ಅವರಲ್ಲಿಗೇ ಹೋಗಲಿ, ಸೋತವರು ಪಾಠ ಮುಚ್ಚಲಿ. ಆಪಾಳ ಜಾಗದಲ್ಲಿ ಬುದ್ಧಿಯಿರುವವರು ಯಾರಿದ್ದರೂ ಆಗುವುದಿಲ್ಲ ಅನ್ನುತ್ತಿದ್ದರು. ಆದರೆ ಮೂರು ತಲೆಮಾರಿನ ಹಟ ಸುಮ್ಮನಿರುತ್ತದೆಯೇ? ಆಗಲಿ ಎಂದಳು.

ಸ್ಪರ್ಧೆಯ ದಿನ ವೇದಿಕೆಯ ಮೇಲೆ ಬಹುಮಾನಗಳನ್ನು ಜೋಡಿಸಿದ್ದರು. ಮೊದಲನೆಯದು ಹೊಳೆಯುವ ಬಕೆಟ್ಟು, ಎರಡನೆಯದು ಮಗ್ಗು, ಸಮಾಧಾನಕರ ಬಹುಮಾನ ಸೋಪಿನ ಪೆಟ್ಟಿಗೆ. ಎಲ್ಲಿಂದ ಬಂದವೆಂದು ಯಾರೂ ಕೇಳುವ ಅಗತ್ಯವಿರಲಿಲ್ಲ. ಮೊದಲು ಬಂದವನು ಸಾಹುಕಾರರ ಮೊಮ್ಮಗ, ಎಂಟು ವರ್ಷದವನು. ಕಣ್ಣು ಮುಚ್ಚಿದ, ಕೈ ಕಟ್ಟಿದ, ಕಾಲಲ್ಲಿ ತಾಳ ಹಾಕಿದ, ಬಿಟ್ಟ. ಕೊಳಾಯಿ ಕಿತ್ತುಹೋದಂತೆ ನಲವತ್ತು ದುಆಗಳೂ ಒಂದರ ಬಾಲ ಒಂದು ಕಚ್ಚಿಕೊಂಡು ಸುರಿದವು. ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು. ಚಪ್ಪಾಳೆಗೆ ಪಾರಿವಾಳಗಳು ಹಾರಿದವು.

ಆಪಾಳ ಕಡೆಯಿಂದ ಮೊದಲು ಬಂದವಳು ಚಪ್ಪಲಿ ಹೊಲಿಯುವವನ ಮಗಳು. ನೀರು ಕುಡಿಯುವಾಗಿನ ದುಆ ಹೇಳು ಎಂದರು ಮೇಷ್ಟ್ರು. ಹುಡುಗಿ ಆ ಕಡೆ ಈ ಕಡೆ ನೋಡಿ, "ಲೋಟ ಎಲ್ಲಿ?" ಎಂದಳು. ಸಭೆಯಲ್ಲಿ ಮುಸಿಮುಸಿ ನಗು. ಹೋಗಲಿ, ಸೀನಿದಾಗ ಏನು ಹೇಳಬೇಕು? ಹುಡುಗಿ ಮೂಗು ಮುಟ್ಟಿ ನೋಡಿಕೊಂಡು, "ಈಗ ಬರ್ತಿಲ್ಲ ಸಾರ್" ಎಂದಳು. ಅವಳ ಹಿಂದೆ ಬಂದ ಹುಡುಗನನ್ನು ಕಕ್ಕಸಿನ ದುಆ ಕೇಳಿದ್ದೇ ತಡ, ಅವನು ಮಾತಿಲ್ಲದೆ ವೇದಿಕೆ ಇಳಿದು ಹಿಂಬಾಗಿಲ ಕಡೆ ನಡೆದುಬಿಟ್ಟ. ಬಾಗಿಲಿಗೆ ಹೋಗಿ ನಿಲ್ಲದೆ ಆ ಮಾತು ಅವನ ಬಾಯಿಗೆ ಬರುವುದಾದರೂ ಹೇಗೆ? ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಂಗಸರ ಕಡೆಯಲ್ಲಿ ಕೂತಿದ್ದ ಆಪಾ ಮಾತ್ರ ನಗಲಿಲ್ಲ. ತಾನು ಕಲಿಸಿದ್ದು ಸರಿಯಾಗಿಯೇ ಬಂದಿದೆ, ಅದಕ್ಕೇ ಸೋತೆ ಎಂಬುದು ಅವಳಿಗೆ ಗೊತ್ತಾಯಿತು. ಅಷ್ಟು ಜನರೆದುರು ಅದನ್ನು ಯಾರಿಗೆ ಹೇಳುವುದು?

ಕೊಟ್ಟ ಮಾತಿಗೆ ತಪ್ಪುವವಳಲ್ಲ. ಮಾರನೆಯ ದಿನವೇ ಮಕ್ಕಳನ್ನು ಬಾಗಿಲಿಂದಲೇ ಸಭಾಂಗಣಕ್ಕೆ ಅಟ್ಟಿದಳು. ಚಪ್ಪಲಿ ಹೊಲಿಯುವವನ ಮಗಳು ಹೊಸ್ತಿಲ ಮೇಲೆ ನಿಂತು, ಹೊರಡುವ ದುಆ ಹೇಳಿಯೇ ಹೊರಟಳು. ಅಂದಿನಿಂದ ಸಂಜೆ ಆಪಾ ಒಬ್ಬಳೇ ಕೂತು ಹೊಲಿಯುತ್ತಿದ್ದಳು. ಮಕ್ಕಳು ಕೂರದ ಹಾಸಿಗೆಗಳು ಉಬ್ಬಿಕೊಂಡೇ ಹೋದವು. ಕೊಂಡವರು ಉರುಳಿ ಬೀಳುತ್ತೇವೆಂದು ದೂರಿದರು. ಧೂಳಿಗೆ ಸೀನಿದರೆ, ದೇವರು ನಿನಗೆ ಕರುಣೆ ತೋರಲಿ ಅನ್ನುವವರೊಬ್ಬರು ಮನೆಯಲ್ಲಿರಲಿಲ್ಲ. ಆಪಾ ಸೀನುವುದನ್ನೇ ಕಡಿಮೆ ಮಾಡಿದಳು. ಊಟವೂ ಕಡಿಮೆಯಾಯಿತು. ಸೂಜಿಗೆ ದಾರ ಪೋಣಿಸಲು ಎರಡೆರಡು ಸಲ ತಡಕಾಡಬೇಕಾಯಿತು. ಕಣ್ಣು ಮಂಜಾದದ್ದು ವಯಸ್ಸಿಗೆ ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಅವಳು ನಂಬಿದಂತೆ ಮಾಡಿದಳು.

ಸುಮಾರು ಎರಡು ತಿಂಗಳಾಗಿರಬೇಕು. ಬೀದಿಗೆಲ್ಲ ನೀರಿನ ಕೊಳವೆ ಮಾರಿದ ನಲ್ಲಿ ಸಾಹುಕಾರರ ಮೂತ್ರನಾಳದಲ್ಲೇ ಒಂದು ಕಲ್ಲು ಬಂದು ಕೂತಿತು. ಆಸ್ಪತ್ರೆಗೆ ಸೇರಿಸಿದರು. ಪ್ರಾಣಕ್ಕೇನೂ ಅಪಾಯವಿರಲಿಲ್ಲ, ಆದರೆ ಕೂಗಾಟ ಮಾತ್ರ ಮೂರು ಕೋಣೆಗಳಾಚೆ ಕೇಳುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ, ನೋವಿಗೆ ಮದ್ದು ಕೊಟ್ಟ ಮೇಲೆ, ಅವರು ಕಣ್ಣು ಮುಚ್ಚಿ ಮಲಗಿದ್ದರು. ಸುತ್ತ ಕಮಿಟಿಯ ಸದಸ್ಯರು, ಗಡಿಯಾರದ ಮೇಷ್ಟ್ರು, ಸೊಸೆ. ಸೊಸೆ ಸ್ಪರ್ಧೆ ಗೆದ್ದ ತನ್ನ ಮಗನನ್ನು ಮಂಚದ ಪಕ್ಕ ನಿಲ್ಲಿಸಿ, ಅಜ್ಜನಿಗೆ ವಾಸಿಯಾಗಲಿ ಅಂತ ದುಆ ಹೇಳು ಎಂದಳು. ಕಾಯಿಲೆಯವರನ್ನು ನೋಡಲು ಹೋದಾಗ ಹೇಳುವ ದುಆ ಮೇಷ್ಟ್ರ ಪಟ್ಟಿಯಲ್ಲಿ ಇಪ್ಪತ್ತೇಳನೆಯದು.

ಹುಡುಗ ಬಾಯಿ ತೆರೆದ, ಮುಚ್ಚಿದ. ಇಪ್ಪತ್ತೇಳನೆಯದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತಾರು ಮುಗಿದ ಮೇಲೆ ತಾನಾಗಿ ಬರುವುದು ಎಂಬುದು ಮಾತ್ರ ಗೊತ್ತಿತ್ತು. ಕಣ್ಣು ಮುಚ್ಚಿದ, ಕೈ ಕಟ್ಟಿದ, ಒಂದರಿಂದ ಶುರು ಮಾಡಿದ. ಕಾಯಿಲೆಯ ಮಂಚದ ಪಕ್ಕ ಕಕ್ಕಸಿಗೆ ಹೋಗುವ ದುಆ ಬಂತು, ಬರುವ ದುಆ ಬಂತು. ಸದಸ್ಯರು ಸೂರು ನೋಡಿದರು. ಮಲಗುವಾಗಿನ ದುಆ ಬಂತು: ದೇವರೇ, ನಿನ್ನ ಹೆಸರಿನಲ್ಲೇ ಸಾಯುತ್ತೇನೆ, ನಿನ್ನ ಹೆಸರಿನಲ್ಲೇ ಬದುಕುತ್ತೇನೆ. ಸಾಹುಕಾರರ ಒಂದು ಕಣ್ಣು ತೆರೆಯಿತು. ಮೇಷ್ಟ್ರು ತಡೆಯಲು ನೋಡಿದರು. ತಡೆದರೆ ಮತ್ತೆ ಒಂದರಿಂದಲೇ ಶುರುವಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಟ್ಟರು. ಹುಡುಗ ಹೊಸ ಬಟ್ಟೆ ತೊಟ್ಟ, ಕನ್ನಡಿ ನೋಡಿದ, ಪ್ರಯಾಣ ಹೊರಟ, ಮಳೆ ಬರಿಸಿದ. ಗುರಿ ಹತ್ತಿರವಾದ ಹುರುಪಿಗೆ ದನಿ ಏರಿಸಿ ಇಪ್ಪತ್ತಾರನೆಯದನ್ನು ಕಿವಿಗಡಚಿಕ್ಕುವಂತೆ ಹೇಳಿದ: "ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್."

ಅದು ಸಾವಿನ ಸುದ್ದಿ ಕೇಳಿದಾಗ ಹೇಳುವ ಮಾತು.

ಬಾಗಿಲ ಹೊರಗೆ ಬೆಂಚಿನ ಮೇಲೆ ಸಾಹುಕಾರರ ಅಂಗಡಿಯ ಗುಮಾಸ್ತ ಕೂತಿದ್ದ. ಒಳಗಿಂದ ಆ ಮಾತು ಕೇಳಿದ್ದೇ ಅವನು ಎದೆ ಬಡಿದುಕೊಂಡು ಮಸೀದಿಗೆ ಫೋನು ಮಾಡಿದ. ಒಳಗೆ ಹುಡುಗ ಇಪ್ಪತ್ತೇಳರಲ್ಲಿ ನಿಲ್ಲದೆ ನಲವತ್ತನ್ನೂ ಮುಗಿಸಿ ಉಸಿರು ಬಿಡುವಷ್ಟರಲ್ಲಿ, ಸಾಹುಕಾರರು ದಾನ ಕೊಟ್ಟ ಮೈಕು ಸಾಹುಕಾರರು ತೀರಿಕೊಂಡರೆಂದು ಮೂರು ಸಲ ಸಾರಿತ್ತು. ಮೈಕು ಬಹಳ ಒಳ್ಳೆಯದು, ಆಸ್ಪತ್ರೆಯ ಕಿಟಕಿಯವರೆಗೂ ಸ್ಪಷ್ಟವಾಗಿ ಕೇಳಿತು. ಸಾಹುಕಾರರು ದಿಗ್ಗನೆ ಎದ್ದು ಕೂತು, ಮೈಕು ಮುಂದುವರಿಸಿದ ತಮ್ಮ ಗುಣಗಾನವನ್ನು ಕೊನೆಯವರೆಗೂ ಆಲಿಸಿದರು. ಹನ್ನೆರಡು ನಲ್ಲಿಗಳ ವಿಷಯ ಬಿಟ್ಟುಹೋಗಿದ್ದು ಅವರಿಗೆ ಸಾವಿಗಿಂತ ಹೆಚ್ಚು ನೋವು ಮಾಡಿತು ಎಂದು ಆಮೇಲೆ ಸೊಸೆಯೇ ಹೇಳಿದಳು.

ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಆಸ್ಪತ್ರೆಯಲ್ಲಿತ್ತು. ಅಳಲು ಬಂದವರು ಮಂಚದ ಮೇಲೆ ಹೆಣ ಎದ್ದು ಕೂತದ್ದನ್ನು ಬಾಗಿಲಿಂದ ನೋಡಿ, ಮುಖದಲ್ಲಿ ಏನಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತರು. ಆಪಾ ಕೂಡ ತಲೆಗೂದಲಲ್ಲಿ ಹತ್ತಿ ಸಿಕ್ಕಿಸಿಕೊಂಡೇ ಬಂದಳು. ಹೊಸ್ತಿಲಲ್ಲಿ ನಿಂತು ಮಂಚದ ಕಡೆ ನೋಡಿದಳು. ಬದುಕಿದ್ದಾರೆ, ಕಾಯಿಲೆಯಲ್ಲಿದ್ದಾರೆ. ಯಾರೂ ಹೇಳದೆ, ಯಾವ ಸಂಖ್ಯೆಯೂ ಬೇಕಾಗದೆ, ಆ ದುಆ ಅವಳ ಬಾಯಿಂದ ಮೆಲ್ಲಗೆ ಬಂತು. ಆಮೇಲೆ ಅದರ ಅರ್ಥ: ಪರವಾಗಿಲ್ಲ, ಅಲ್ಲಾ ಬಯಸಿದರೆ ಇದು ನಿಮ್ಮನ್ನು ಶುದ್ಧ ಮಾಡುವ ಕಾಯಿಲೆ. ಅಷ್ಟೇ. ಒಂದು ಉಸಿರಿನ ಮಾತು.

ಸೊಸೆ ಮಗನ ರಟ್ಟೆ ಹಿಡಿದು ಆಪಾಳ ಮುಂದೆ ತಂದು ನಿಲ್ಲಿಸಿದಳು. "ಇವನನ್ನ ನಾಳೆಯಿಂದ ಕಳಿಸ್ತೀನಿ ಆಪಾ. ಪಂದ್ಯದ ಮಾತು ಮರೆತುಬಿಡಿ." ಹಿಂದೆ ನಿಂತಿದ್ದ ತಾಯಂದಿರೂ ನಮ್ಮವರನ್ನೂ, ನಮ್ಮವರನ್ನೂ ಅಂದರು. ಆಪಾ ಹುಡುಗನ ತಲೆ ಸವರಿ, ಅದೇ ಕೈಯಿಂದ ಮೂಗು ಒರೆಸಿಕೊಂಡಳು.

ಸಾಹುಕಾರರು ಸತ್ತು ಬದುಕಿದರೂ ಅಧ್ಯಕ್ಷರೇ. ಮಕ್ಕಳು ಕೈಜಾರುವುದು ಕಂಡೊಡನೆ ದಿಂಬಿಗೊರಗಿ ಉದಾರಿಯಾದರು. ಆಪಾ ಸಭಾಂಗಣಕ್ಕೇ ಬಂದು ಕಲಿಸಲಿ. ಫ್ಯಾನು ಹಾಕಿಸುವುದು, ಕುರ್ಚಿ ಕೊಡುವುದು, ಮೇಷ್ಟ್ರನ್ನು ಅವಳ ಕೈಕೆಳಗೆ ಇಡುವುದು, ಬಾಗಿಲ ಮೇಲೆ ಒಂದು ಹಲಗೆ. ಅದರಲ್ಲಿ ಆಪಾಳ ಹೆಸರು, ಮೇಲೊಂದು ಸಣ್ಣ ಸಾಲಿನಲ್ಲಿ ದಾನಿಗಳ ಹೆಸರು. ಇಷ್ಟು ವಯಸ್ಸಿನಲ್ಲಿ ಒಬ್ಬಳೇ ಕಷ್ಟಪಡುವುದು ಯಾಕೆ ಎಂದರು. ಸದಸ್ಯರೆಲ್ಲ ತಲೆಯಾಡಿಸಿದರು.

ಆಪಾ ಸೆರಗು ಸರಿಮಾಡಿಕೊಂಡು, ಅವರ ಮುಖವನ್ನೇ ನೋಡಿ ಹೇಳಿದಳು:

"ನಿಮ್ಮ ಸಭಾಂಗಣದಲ್ಲಿ ಒಲೆ ಇಲ್ಲ ಸಾಹುಕಾರ್ರೇ, ಊಟದ ದುಆ ಎಲ್ಲಿ ಕಲಿಸ್ಲಿ? ಮಲಗೋಕೆ ಜಾಗ ಇಲ್ಲ. ಕಕ್ಕಸಿಗೆ ನೀವೇ ಬೀಗ ಹಾಕಿಸಿದ್ದೀರಿ, ಮಕ್ಕಳು ಗಲೀಜು ಮಾಡ್ತಾರೆ ಅಂತ. ಕುರ್ಚಿ ಮೇಲೆ ಕೂತ್ರೆ ನನಗೆ ಮಕ್ಕಳ ಮುಖ ಕಾಣಲ್ಲ, ತಲೆ ಮಾತ್ರ ಕಾಣುತ್ತೆ. ಮೇಷ್ಟ್ರು ಪಾಪ, ಬೇಕಾದ್ರೆ ಅವರೂ ಬಂದು ಮಕ್ಕಳ ಜೊತೆ ಕೂತ್ಕೊಳ್ಳಲಿ, ಕಲಿಯೋಕೆ. ಉಳಿದದ್ದೇನೂ ಬೇಡ. ನನಗೆ ಒಬ್ರು ಸಹಾಯ ಮಾಡೋಷ್ಟು ಕಷ್ಟ ಇನ್ನೂ ಬಂದಿಲ್ಲ. ನೀವು ಮೊದಲು ಆ ಕಲ್ಲು ಇಳಿಸ್ಕೊಳ್ಳಿ."