ಲೇಡೀಸ್ ಸೀಟಿನಲ್ಲಿ ನಮ್ಮ ಯಜಮಾನರು

ಕಾನ್ವೆಂಟಿನಲ್ಲಿ ಸಿಸ್ಟರ್ "ಟೇಕ್ ಯುವರ್ ಸೀಟ್" ಎಂದರೆ ಬೆನ್ನು ನೇರ ಮಾಡಿ ಬೆಂಚಿನಲ್ಲಿ ಕೂರಬೇಕಿತ್ತು. ಸೀಟ್ ಅಂದರೆ ನನಗೆ ಅಷ್ಟೇ ಗೊತ್ತು. ಮದುವೆಯಾಗಿ ಕಾರ್ಕಳಕ್ಕೆ ಬಂದ ಹೊಸತರಲ್ಲಿ ಟೈಲರ್ ನಮ್ಮ ಯಜಮಾನರ ಪ್ಯಾಂಟಿನ ಅಳತೆ ತೆಗೆಯುತ್ತ, ಸೀಟ್ ಸ್ವಲ್ಪ ಲೂಸ್ ಇರಲಿ ಅಲ್ವಾ ಮಾಸ್ಟ್ರೆ ಎಂದಾಗ ನಾಚಿ ಹೊರಗೆ ನೋಡಿದ್ದೆ. ಮಗಳ ಪಿಯುಸಿ ಮುಗಿದ ವರ್ಷ ಚರ್ಚಿನ ಹತ್ತಿರ ಸಿಕ್ಕವರೆಲ್ಲ ಕೇಳಿದ್ದು ಒಂದೇ, ಮಣಿಪಾಲದಲ್ಲಿ ಸೀಟ್ ಸಿಕ್ಕಿತಾ ಎಂದು. ಸಿಗಲಿಲ್ಲ. ಈಗ ಅವಳು ಕಾಪುವಿನಲ್ಲಿ ಟೀಚರ್, ಹ್ಯಾಪಿಯಾಗಿದ್ದಾಳೆ.

ನಮ್ಮ ಸಂಸಾರದಲ್ಲಿ ಹೆಚ್ಚು ಬಳಕೆಯಾದದ್ದು ಬಸ್ಸಿನ ಸೀಟ್. ಇಲ್ಲಿಯ ಸರ್ವಿಸ್ ಬಸ್ಸುಗಳಲ್ಲಿ ಹೆಂಗಸರು ಎದುರು, ಗಂಡಸರು ಹಿಂದೆ. ಗಂಡ ಹೆಂಡತಿಯಾದರೂ ಅಷ್ಟೇ. ಹೊಸ ಮದುಮಗಳಾಗಿ ಉಡುಪಿಗೆ ಹೊರಟಾಗಲೂ ಇವರು ಹಿಂದಿನ ಬಾಗಿಲಲ್ಲಿ ಹತ್ತಿದರು. ಟಿಕೆಟ್ ತೆಗೆದರಾ ಎಂದು ನಾನು ಕುತ್ತಿಗೆ ತಿರುಗಿಸಿ ಕಣ್ಣಲ್ಲೇ ಕೇಳಬೇಕಾಯಿತು.

ಹೋದ ವರ್ಷ ಇವರಿಗೆ ಸ್ಟ್ರೋಕ್ ಆಗಿ ಎಡಗಾಲು, ಎಡಗೈ ಸೋತವು. ಪ್ರತಿ ವಾರ ಮಣಿಪಾಲಕ್ಕೆ ಫಿಸಿಯೋಥೆರಪಿಗೆ ಹೋಗಬೇಕು. ಕಾರಿನಲ್ಲಿ ಕೂತರೆ ತಲೆ ಸುತ್ತುತ್ತದೆ, ಹಾಗಾಗಿ ಬಸ್ಸೇ ಗತಿ. ಮೊದಲ ವಾರ ಕಂಡಕ್ಟರ್ ಇವರನ್ನು ಎದುರಿನ ಬಾಗಿಲಲ್ಲೇ ಹತ್ತಿಸಿ ನನ್ನ ಪಕ್ಕ ಕೂರಿಸಿದ. ಜೀವಮಾನವಿಡೀ ಹೆಂಗಸರಿಗೆ ಸೀಟ್ ಬಿಟ್ಟುಕೊಟ್ಟವರಿಗೆ ಅದನ್ನು ಸಹಿಸಲಾಗಲಿಲ್ಲ. ಎರಡನೇ ವಾರ ಬಸ್ ಸ್ಟ್ಯಾಂಡಿನಲ್ಲೇ ಹೇಳಿದರು, ಇದೇ ಲಾಸ್ಟ್, ಇನ್ನು ಬರುವುದಿಲ್ಲ ಎಂದು. ಬಿಟ್ಟರೆ ಕಾಲು ಹೀಗೇ ಉಳಿಯುತ್ತದೆ ಎಂದು ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ನಾನು ಬ್ಯಾಗಿನೊಳಗೆ ಜಪಸರ ಹಿಡಿದುಕೊಂಡೆ.

ಹಿರಿಯಡ್ಕದಲ್ಲಿ ಕೈತುಂಬ ಚೀಲ ಹಿಡಿದ ಒಬ್ಬ ಹೆಂಗಸು ಹತ್ತಿದಳು. ಇವರು ಕಂಬಿ ಹಿಡಿದು ಏಳಲು ಹೊರಟರು. ನಿಂತವರ ಚೀಲವನ್ನು ಕೂತವರು ಇಟ್ಟುಕೊಳ್ಳುವುದು ನಮ್ಮ ಬಸ್ಸಿನ ರೂಢಿ. ಆಕೆ ಎಲ್ಲವನ್ನೂ ಇವರ ಮಡಿಲಿಗೆ ಹಾಕಿಬಿಟ್ಟಳು.

"ಇದು ಹಿಡಿದುಕೊಳ್ಳಿ ಮಾರಾಯ್ರೆ. ಹೆಂಡತಿಯ ಹತ್ತಿರ ಕೂತದ್ದಕ್ಕೆ ಫೈನ್ ಎಂತ ಇಲ್ಲ."

ಸುತ್ತಲಿನವರು ನಕ್ಕರು. ಇವರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಡಿಲವಾಯಿತು. ಚೀಲದಿಂದ ಹೊರಚಾಚಿದ ಬಸಳೆಯ ಕಟ್ಟು ಗದ್ದಕ್ಕೆ ತಾಗುತ್ತಿತ್ತು. ಜಾರುತ್ತಿದ್ದ ಚೀಲಕ್ಕೆ ಬಲವಿಲ್ಲದ ಎಡಗೈಯನ್ನೂ ಮೆಲ್ಲಗೆ ಎತ್ತಿ ಆನಿಸಿದರು. ಪರ್ಕಳ ದಾಟುವವರೆಗೂ ಹಾಗೇ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ಬಾಗಿದರು.

"ಮುಂದಿನ ವಾರ ಕಿಟಕಿ ಹತ್ತಿರ ನಾನು ಕೂರುತ್ತೇನೆ. ಈ ಬದಿಗೆ ಚೀಲ ಜಾಸ್ತಿ."

ನೋಡುವ ಎಂದೆ. ಅಷ್ಟು ಸುಲಭಕ್ಕೆ ಕಿಟಕಿ ಬಿಟ್ಟುಕೊಡುವವಳಲ್ಲ ನಾನು.