ಟಪಾಲ ಅಮರಪ್ಪನವರ ಲ್ಯಾಪ್‌ಟಾಪ್

ಟಪಾಲ ಅಮರಪ್ಪನವರು ನನ್ನ ಅಂಗಡಿಗೆ ಬಂದರೆ ಸೀದಾ ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಆಚೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದರು: "ವೀರೇಶ! ತಂದಿ ಹೆಸರು ಶರಣಪ್ಪ! ಕಂಪ್ಯೂಟರ್ ರಿಪೇರಿ ಅಂಗಡಿ, ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ರಾಯಚೂರು! ಅದೀಯೇನೋ ತಮ್ಮಾ?" ನಾನು ಕುರ್ಚಿಯಿಂದ ಎದ್ದು "ಅದೀನ್ರಿ ಕಾಕಾ" ಎಂದ ಮೇಲೆಯೇ ಅವರ ಹೆಗಲಿನಿಂದ ಖಾಕಿ ಚೀಲ ಇಳಿಯುತ್ತಿತ್ತು. ವಿಳಾಸದಾರ ಖುದ್ದು ಹಾಜರಿದ್ದಾನೆಂದು ಖಾತ್ರಿಯಾಗದೆ ಮಾಲು ಒಪ್ಪಿಸುವ ಪದ್ಧತಿ ಅವರದಾಗಿರಲಿಲ್ಲ. ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಸೈಕಲ್ ತುಳಿದು ಟಪಾಲು ಹಂಚುತ್ತಲೇ ತಲೆ ಹಣ್ಣಾಗಿ ನಿವೃತ್ತರಾದವರು. ಅಕ್ಕಪಕ್ಕದ ಅಂಗಡಿಯವರಿಗೆ ನನ್ನ ಹೆಸರಿಗಿಂತ ನನ್ನ ಅಪ್ಪನ ಹೆಸರು ಚೆನ್ನಾಗಿ ಗೊತ್ತಾದದ್ದು ಅವರ ದಯೆಯಿಂದ.

ಆ ಚೀಲದಲ್ಲಿ ಈಗ ಇರುತ್ತಿದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್. ದೇವದುರ್ಗದಲ್ಲಿ ಶಾಲೆಯ ಟೀಚರ್ ಆಗಿರುವ ಮಗಳು ಶಿವಲೀಲಾ ತಾವು ಬಳಸಿ ಬಿಟ್ಟಿದ್ದನ್ನು ಅಪ್ಪನಿಗೆ ಕೊಟ್ಟಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅಮರಪ್ಪನವರು ಮಾನ್ವಿಯಲ್ಲಿ ತಮ್ಮನ ತುಂಬಿದ ಮನೆಯಲ್ಲಿದ್ದರು. ಲ್ಯಾಪ್‌ಟಾಪಿನಲ್ಲಿ ಅವರು ಓದುತ್ತಿದ್ದದ್ದು ಏನು ಮಹಾ? ದಿನಪತ್ರಿಕೆ, ಒಂದಿಷ್ಟು ವಚನ, ಪೆನ್ಶನ್ ಕಾಗದ, ಮಗಳು ಬರೆಯುವ ಉದ್ದುದ್ದ ಮೇಲ್‌. ಮೊದಲ ಸಲ ಬಂದಾಗ ಅವರು ಹೇಳಿದ್ದು ಒಂದೇ ಮಾತು: "ತಮ್ಮಾ, ಇದರಾಗಿನ ಅಕ್ಷರ ಕಾಣವಲ್ಲವು."

ನಮ್ಮ ಕಸುಬಿನವರಿಗೆ ಒಂದು ಕಾಯಿಲೆಯಿದೆ. ಗಿರಾಕಿ ಏನೇ ಹೇಳಲಿ, ನಮ್ಮ ಕಿವಿಗೆ ಬೀಳುವುದು 'ರ‍್ಯಾಮ್ ಹೆಚ್ಚಿಸು' ಎಂದೇ. ನಾನು ಲ್ಯಾಪ್‌ಟಾಪ್ ಚಾಲೂ ಮಾಡಿದೆ. ಅದು ಕಣ್ಣು ಬಿಡುವಷ್ಟರಲ್ಲಿ ಚಹಾ ತರಿಸಿ, ಕುಡಿದು, ಲೋಟ ವಾಪಸು ಕೊಟ್ಟು ಬರಬಹುದಿತ್ತು. ಇದಕ್ಕಿಂತ ಇನ್ನೇನು ಬೇಕು? ರ‍್ಯಾಮ್ ಎರಡು ಪಟ್ಟು ಮಾಡಿದೆ. ಗರಗರ ತಿರುಗುವ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಕೂರಿಸಿದೆ. ಹತ್ತು ಎಣಿಸುವುದರೊಳಗೆ ಪರದೆ ತೆರೆದುಕೊಂಡಿತು. ನಾನು ಮೀಸೆ ತಿರುವಿಕೊಂಡೆ. ಅಮರಪ್ಪನವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಅತ್ತಿತ್ತ ನೋಡಿ, ಸೊಂಟ ಹಿಡಿದುಕೊಂಡು ನೆಟ್ಟಗಾದರು.

"ಚಲೋ ಆತು ನೋಡು. ಮೊದಲು ಕಾಣಲಾರದ ಅಕ್ಷರ ಸಾವಕಾಶ ಬರ್ತಿದ್ವು. ಈಗ ಕಾಣಲಾರದ ಅಕ್ಷರ ಲಗೂನ ಬರ್ತಾವ."

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ವೈದ್ಯ ನಾನು. ನಾಚಿಕೆಯಿಂದ ಸೆಟ್ಟಿಂಗ್ಸ್ ತೆರೆದು ಅಕ್ಷರದ ಅಳತೆಯನ್ನು ನೂರರಿಂದ ನೂರೈವತ್ತಕ್ಕೆ ಏರಿಸಿದೆ. ಅದಕ್ಕೆ ಯಾವ ಸಾಮಾನೂ ಬೇಕಿರಲಿಲ್ಲ. ಅದಕ್ಕೇ ಇರಬೇಕು, ನನಗೆ ಅದು ಕೊನೆಗೆ ನೆನಪಾದದ್ದು.

ಎರಡು ತಿಂಗಳಿಗೆ ಮತ್ತೆ ಹೊಸ್ತಿಲಾಚೆ ನನ್ನ ವಿಳಾಸ ಕೇಳಿಬಂತು. ಅಳತೆ ಇನ್ನೂರಾಯಿತು. ಆಮೇಲೆ ಇನ್ನೂರೈವತ್ತು. ಬಿಳಿ ಪರದೆ ಕಣ್ಣು ಚುಚ್ಚುತ್ತದೆಂದು ಕಪ್ಪು ಹಿನ್ನೆಲೆ ಮಾಡಿ ಹಳದಿ ಅಕ್ಷರ ಕೊಟ್ಟೆ. ಬಾಣದ ಗುರುತನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿದೆ. ಮುನ್ನೂರಕ್ಕೆ ಹೋದಾಗ ಕೆಳಗಿನ ಗುಂಡಿಗಳೆಲ್ಲ ಪರದೆಯಿಂದ ಆಚೆ ಬಿದ್ದುಹೋದವು. "ಅಕ್ಷರ ಮೈ ಹಿಡದಾವ, ಮನಿ ಸಾಲವಲ್ದು" ಎಂದು ಅವರೇ ರೋಗ ಹೇಳಿದರು. ಹೀಗೆ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಮಾನಿಟರ್ ಜೋಡಿಯಾಯಿತು. ಅದನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮಾನ್ವಿ ಬಸ್ಸಿನಲ್ಲಿ ಕೂತರು. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದನಂತೆ. "ಇದು ನನ್ನ ಕಣ್ಣಲೇ. ಊರ ಮಂದಿಗೆಲ್ಲ ಕಣ್ಣಿಗೆ ಬ್ಯಾರೆ ಟಿಕೆಟ್ ಹರಿತೀಯೇನು?" ಎಂದು ಇವರು ಕೇಳಿದ ಮೇಲೆ ಅವನು ಹಿಂದಿನ ಸೀಟಿಗೆ ಹೋದನಂತೆ. ಶಕ್ತಿನಗರದಿಂದ ಬರುವ ಹುಡುಗರು ಕೀಬೋರ್ಡಿಗೆ ಬಣ್ಣಬಣ್ಣದ ದೀಪ ಬೇಕೆಂದು ನನ್ನ ತಲೆ ತಿನ್ನುತ್ತಿದ್ದ ಕಾಲದಲ್ಲಿ, ಇವರು ಬೆರಳಿಗೆ ಸಿಗುವಷ್ಟು ದಪ್ಪ ಗುಂಡಿಯ ಕೀಬೋರ್ಡ್ ಬೇಕೆಂದು ಮೂರು ವಾರ ತಿಂದರು.

ಒಂದು ಬೇಸಿಗೆಯಲ್ಲಿ ಯಂತ್ರ ಕಾದು ಕಾದು ತಾನೇ ಆರಿಹೋಗತೊಡಗಿತು. ರಾಯಚೂರಿನ ಬಿಸಿಲಿಗೆ ಮನುಷ್ಯರೇ ಆರಿಹೋಗುತ್ತಾರೆ, ಯಂತ್ರದ ಪಾಡೇನು ಎಂದುಕೊಂಡು ಅದರ ಕೆಳಗೆ ಇಡುವ ಫ್ಯಾನಿನ ಸ್ಟ್ಯಾಂಡ್ ಮಾರಿದೆ. ಅದು ಇನ್ನೂ ಬೇಗ ಆರತೊಡಗಿತು. ಕೊನೆಗೆ ಹೊಟ್ಟೆ ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿನ ತುಂಬ ಬಿಳಿ ಬೂದಿ. ವಿಚಾರಿಸಿದಾಗ ಹಕೀಕತ್ತು ಹೊರಬಿತ್ತು. ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದ ಮೂರು ಬೆರಳನ್ನೇ ಅಮರಪ್ಪನವರು ಲ್ಯಾಪ್‌ಟಾಪಿನ ಗಾಳಿಕಿಂಡಿಗೂ ಎಳೆಯುತ್ತಿದ್ದರು. ನನ್ನ ಸ್ಟ್ಯಾಂಡು ಆ ಬೂದಿಯನ್ನು ಭಕ್ತಿಯಿಂದ ಒಳಕ್ಕೆ ಊದುತ್ತಿತ್ತು.

"ಕಾಕಾ, ಬಿಟ್ಟೂ ಬಿಟ್ಟೂ ಅಲ್ಲೇ ಯಾಕ ಹಚ್ಚಿದ್ರಿ?"

"ಯಂತ್ರ ಉಸಿರಾಡೋ ಜಾಗಾ ಇದು ಅಂತ ನೀನ ಹೇಳಿದ್ದಿ. ಉಸಿರಿದ್ದಲ್ಲಿ ಶಿವಾ ಇರ್ತಾನ."

"ಚಾರ್ಜರಿಗೆ ಹಚ್ಚರಿ. ಅದಕ್ಕ ಉಸಿರಿಲ್ಲ."

"ಉಸಿರಿಲ್ಲದ್ದಕ್ಕ ವಿಭೂತಿ ಹಚ್ಚಿದ್ರ ಅದರ ಅರ್ಥ ಬ್ಯಾರೆ ಆಗ್ತದಲೇ, ಶಾಣ್ಯಾ."

ಬಹಳ ಚೌಕಾಶಿಯ ನಂತರ ಮಾನಿಟರಿನ ಕಾಲಿಗೆ ಹಚ್ಚುವುದೆಂದು ರಾಜಿಯಾಯಿತು.

ಅಳತೆ ಮಾತ್ರ ಏರುತ್ತಲೇ ಹೋಯಿತು. ಎರಡು ವರ್ಷದಲ್ಲಿ ಆ ದೊಡ್ಡ ಮಾನಿಟರಿನ ಮೇಲೂ ಒಂದು ಸಾಲಿಗೆ ಒಂದೇ ಪದ ಹಿಡಿಯುವ ಸ್ಥಿತಿ ಬಂತು. ಒಂದು ಸುದ್ದಿ ಓದಿ ಮುಗಿಸುವಷ್ಟರಲ್ಲಿ ಸುದ್ದಿಯೇ ಹಳಸಿರುತ್ತಿತ್ತು. ಒಂದು ದಿನ ನಾನು ತಡೆಯಲಾರದೆ ಕೇಳಿದೆ: "ಕಾಕಾ, ಮನ್ಯಾಗ ಓದು ಬರೋರು ನಾಕು ಮಂದಿ ಅದಾರ. ಯಾರರೆ ಓದಿ ಹೇಳಬಹುದಲ್ರಿ?"

ಅವರು ಸ್ಟೂಲು ಎಳೆದುಕೊಂಡು ಕೂತರು.

"ಓದಿ ಹೇಳೋರು ಸುಳ್ಳ ಓದ್ತಾರ ತಮ್ಮಾ. ನಾನೂ ಓದೀನಿ. ಆಗೆಲ್ಲ ಹಳ್ಯಾಗ ಯಾರಿಗಿ ಓದಾಕ ಬರ್ತಿತ್ತು? ಕಾಗದ ತಂದವನ ಓದಬೇಕು. ಮಲ್ಲಟದಾಗ ಒಬ್ಬಾಕಿ ಮುದುಕಿ. ಮಗ ಪುಣೆಕ್ಕ ದುಡಿಯಾಕ ಹೋಗಿದ್ದ. ನಾ ಬರಾಂಗಿಲ್ಲವ್ವಾ, ಇಲ್ಲೇ ಮದಿವಿ ಆಗೀನಿ, ನನ್ನ ದಾರಿ ನೋಡಬ್ಯಾಡ ಅಂತ ಬರದಿದ್ದ. ಅಕಿ ಮಾರಿ ನೋಡಿದೆ. ಆ ಸಾಲು ಬಿಟ್ಟೆ. ಪಂಚಮಿಗಿ ಬರ್ತೀನಿ ಅಂದಾನವ್ವಾ ಅಂತ ಓದಿಬಿಟ್ಟೆ. ಧರ್ಮಾ ಮಾಡೀನಿ ಅನಕೊಂಡಿದ್ದೆ."

"ಆಮ್ಯಾಲ?"

"ಮೂರು ಪಂಚಮಿ ಮಗನ ಸಲುವಾಗಿ ಉಂಡಿ ಕಟ್ಟಿಟ್ಲು. ನಾಕನೇ ವರ್ಷ ಪುಣೆದಿಂದ ಬಂದವರು ಯಾರೋ ಖರೆ ಹೇಳಿದ್ರು. ಅಕಿ ಮಗನ್ನ ಬೈಲಿಲ್ಲ. ನನ್ನ ಸೈಕಲ್ ನಿಂದ್ರಿಸಿ, 'ಟಪಾಲಪ್ಪಾ, ಕಾಗದ ನಂದೋ ನಿಂದೋ?' ಅಂತ ಕೇಳಿದ್ಲು."

ಅವರು ಸ್ಟೂಲಿನಿಂದ ಎದ್ದರು. "ಅದಕ್ಕ, ನನ್ನ ಕಾಗದ ನಾನ ಓದಬೇಕು. ಇದಕ್ಕ ಇನ್ನೇನರೆ ಹಚ್ಚಾಕ ಬರ್ತದೇನು ನೋಡು."

ಹಚ್ಚಲು ಉಳಿದಿದ್ದದ್ದು ದನಿಯೊಂದೇ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದುವ ಕನ್ನಡದ ಹೆಣ್ಣುದನಿಯೊಂದನ್ನು ಹಾಕಿದೆ. ಊರಿಗೆಲ್ಲ ಕೇಳದಿರಲೆಂದು ಹೆಡ್‌ಫೋನ್ ಕೊಟ್ಟೆ. ಕಾಗದ ಇಟ್ಟರೆ ಅಕ್ಷರ ಹಿಡಿಯುವ ಸ್ಕ್ಯಾನರ್ ಜೋಡಿಸಿದೆ. ಇಂಗ್ಲಿಷಿನಲ್ಲಿದ್ದರೆ ಅದು ಕನ್ನಡವಾಗುವಂತೆ ಮಾಡಿದೆ. ಇಷ್ಟೆಲ್ಲ ಸೇರಿ ಲ್ಯಾಪ್‌ಟಾಪ್ ಎಂಬುದು ಮದುವೆ ಮನೆಯಲ್ಲಿ ಮದುಮಗನಂತೆ ಎಲ್ಲೋ ನಡುವೆ ಕಾಣದಾಗಿತ್ತು. ಮೊದಲ ದಿನ ಅವರು ಪತ್ರಿಕೆಯ ಒಂದು ಪುಟ ಪೂರಾ ಕೇಳಿ ಹೆಡ್‌ಫೋನ್ ತೆಗೆದರು.

"ಇಕಿ ಬೆಂಗಳೂರು ಕಡ್ಯಾಕಿ ಕಾಣ್ತಾಳ. ಮಾತಿನ್ಯಾಗ ಉಪ್ಪಿಲ್ಲ, ಖಾರಿಲ್ಲ. ಸತ್ತ ಸುದ್ದಿನೂ ಲಗ್ನದ ಸುದ್ದಿನೂ ಒಂದ ದನಿಯಾಗ ಓದ್ತಾಳ."

"ಬ್ಯಾರೆ ದನಿ ಹಾಕ್ಲೇನ್ರಿ?"

"ಬ್ಯಾಡ. ಇಕಿನ ಬೇಕು."

ಅದರ ಮರುವರ್ಷದ ಮಾತು. ಒಂದು ಬೆಳಗ್ಗೆ ದೇವದುರ್ಗದಿಂದ ಶಿವಲೀಲಾ ಟೀಚರ್ ಫೋನ್ ಮಾಡಿದರು. ಹಿಂದಿನ ದಿನ ಅಪ್ಪನನ್ನು ರಾಯಚೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿದ್ದರು.

"ಅಣ್ಣಾರ, ಅಪ್ಪಾಜಿ ಇವತ್ತ ನಿಮ್ಮ ಅಂಗಡಿಗೆ ಬರ್ತಾರ. ಡಾಕ್ಟರ್ ರಿಪೋರ್ಟು ಮಷೀನ್ ಕಡೆ ಓದಿಸ್ಕೊಂತೀನಿ ಅಂತ ಹಟ ಹಿಡದಾರ, ಮನ್ಯಾಗ ಸ್ಕ್ಯಾನರಿಗೆ ಕಾಗದ ಸರಿ ಇಡಾಕ ಅವರಿಗೆ ಕಾಣವಲ್ದು. ಅದರಾಗ ಕೆಳಗ ಒಂದ ಸಾಲು ಅದ... ಅದೊಂದು ಓದಲಾರದಂಗ ಮಾಡ್ರಿ. ಹನಿ ಹಾಕ್ಕೊಂಡ್ರ ಕಣ್ಣು ಬರ್ತಾವ ಅಂತ ನಾ ಹೇಳೀನಿ. ಅದೊಂದ ಆಸಿ ಮ್ಯಾಲ ಉಣ್ಣಾಕತ್ತಾರ."

ಅವರು ಅಳುತ್ತಿದ್ದರು. ನಾನು ಆಗಲಿ ಎಂದೆ. ಹೂಂ ಎನ್ನುವುದಕ್ಕೆ ನನಗೆ ಯಾವಾಗಲೂ ಬಹಳ ಹೊತ್ತು ಬೇಕಾಗುವುದಿಲ್ಲ.

ಮಧ್ಯಾಹ್ನ ಹೊಸ್ತಿಲಾಚೆ ನನ್ನ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಕೇಳಿಸಿದವು. ಮಾನ್ವಿಯ ಪರಿಚಯದವರು ಯಾರೋ ಬಸ್ಸಿನಿಂದ ಕೈ ಹಿಡಿದು ಕರೆತಂದು ಬಿಟ್ಟುಹೋಗಿದ್ದರು. ಚೀಲದಿಂದ ಲ್ಯಾಪ್‌ಟಾಪನ್ನೂ ಮಡಿಕೆ ಬೀಳದ ರಿಪೋರ್ಟನ್ನೂ ತೆಗೆದು ಕೊಟ್ಟರು. ಅಂಗಡಿಯ ಸ್ಕ್ಯಾನರಿನಲ್ಲಿ ಕಾಗದ ಇಟ್ಟೆ. ಪರದೆಯ ಮೇಲೆ ಅದು ಕನ್ನಡವಾಗಿ ಮೂಡಿತು. ಔಷಧಿಯ ಹೆಸರುಗಳ ಕೆಳಗೆ ಆ ಸಾಲಿತ್ತು: 'ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ಕಾಲ ಉಳಿಯುವುದಿಲ್ಲ.' ಇಷ್ಟು ವರ್ಷ ಅವರ ಯಂತ್ರಕ್ಕೆ ಒಂದೊಂದನ್ನೇ ಸೇರಿಸುತ್ತ ಬಂದವನು ಅಂದು ಮೊದಲ ಸಲ ಒಂದನ್ನು ತೆಗೆದೆ. ಸಾಲನ್ನು ಅಳಿಸಿ, ಹೆಡ್‌ಫೋನ್ ಅವರ ಕಿವಿಗೆ ಹಾಕಿ, ಓದಲು ಹಚ್ಚಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. ನಡುವೆ ಒಮ್ಮೆ "ಕಣ್ಣಿನ ಬಟ್ಟಲು ದೊಡ್ಡದಾಗೇದಂತ. ಕಣ್ಣಾಗ ಭಾಂಡೆ ಸಾಮಾನು ಯಾವಾಗ ಸೇರಿದ್ವೋ?" ಎಂದು ನಕ್ಕರು; ಕಣ್ಣಿನ ನರದ 'ಕಪ್' ಎಂಬ ಡಾಕ್ಟರರ ಇಂಗ್ಲಿಷ್ ಪದವನ್ನು ಯಂತ್ರ ಬಟ್ಟಲು ಮಾಡಿತ್ತು. ಮುಗಿದ ಮೇಲೆ ಮತ್ತೊಮ್ಮೆ ಹಚ್ಚು ಎಂದರು. ಎರಡನೆಯ ಸಲ ನಗಲಿಲ್ಲ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಒಂದ್ ಸಾಲು ಕಡಿಮಿ ಅದ."

"ಇಲ್ರಿ ಕಾಕಾ, ಪೂರಾ ಓದೇದ."

"ಡಾಕ್ಟರಗ ನಾನ ಕೇಳೀನಿ. ಕಣ್ಣು ಬರ್ತಾವೋ ಇಲ್ಲೋ ಬಾಯಿಲೆ ಹೇಳಬ್ಯಾಡ್ರಿ, ಬರದು ಕೊಡ್ರಿ ಅಂದೀನಿ. ಬರದೀನಿ ಅಂದಾರ. ಆ ಸಾಲು ಎಲ್ಲಿ?"

"ಮಷೀನ್ ಬಿಟ್ಟಿರಬೇಕ್ರಿ. ಒಮ್ಮೊಮ್ಮೆ..."

"ಅಕಿ ಮ್ಯಾಲ ಹಾಕಬ್ಯಾಡ ವೀರೇಶ. ಅಕಿಗಿ ಅಷ್ಟು ಕರುಣಾ ಇಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ನಾನು ತಲೆ ತಗ್ಗಿಸಿದ್ದು ಅವರಿಗೆ ಕಾಣುವಂತಿರಲಿಲ್ಲ ಎಂಬುದೂ ಆಗಲೇ ನೆನಪಾಗಿ ಇನ್ನಷ್ಟು ಸಂಕಟವಾಯಿತು. ಅಳಿಸಿದ್ದನ್ನು ವಾಪಸು ತಂದೆ. ಅವರ ಕೈಗೆ ಹೆಡ್‌ಫೋನ್ ಕೊಟ್ಟು ಆ ಸಾಲಿನಿಂದ ಹಚ್ಚಿದೆ. ಕೇಳಿಸಿಕೊಂಡರು. "ಭಾಳ ಲಗೂನ ಓದಿದ್ಲು. ಸ್ವಲ್ಪ ಸಾವಕಾಶ ಮಾಡು" ಎಂದರು. ಸೆಟ್ಟಿಂಗ್ಸಿನಲ್ಲಿ ದನಿಯ ವೇಗ ಅರ್ಧಕ್ಕೆ ಇಳಿಸಿದೆ. ಮತ್ತೊಮ್ಮೆ ಕೇಳಿದರು. ಮುಖದಲ್ಲಿ ಏನೂ ಆಗಲಿಲ್ಲ. ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತಿ ಸುತ್ತಿ ಚೊಕ್ಕವಾಗಿ ಮಡಚಿಟ್ಟರು.

"ಶಿವಲೀಲಾ ಫೋನ್ ಮಾಡ್ತಾಳ. ಆ ಸಾಲು ಓದಿಲ್ಲ ಅಂತ ಹೇಳು."

"ಕಾಕಾ..."

"ಹೇಳು. ನನಗ ಗೊತ್ತಾಗೇದ ಅಂತ ಅಕಿಗಿ ಗೊತ್ತಾದ್ರ ಅಕಿ ಉಣ್ಣೂದು ಬಿಡ್ತಾಳ."

ಸಂಜೆ ಫೋನ್ ಬಂತು. ಹೇಳಿದೆ. ಅಮರಪ್ಪನವರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಯಂತ್ರಕ್ಕೆ ಸೇರಿಸಲು ಏನೂ ಉಳಿದಿರಲಿಲ್ಲ, ಅದು ಕೆಟ್ಟಿರಲೂ ಇಲ್ಲ.

ಮರುವರ್ಷ ನಾಲ್ಕು ದಿನದ ಜ್ವರದಲ್ಲಿ ಅವರು ಹೋದರು. ಸುದ್ದಿ ತಿಳಿದು ಮಾನ್ವಿಗೆ ಹೋದಾಗ ಮಣ್ಣು ಮಾಡಿ ಬಂದಿದ್ದರು. ಪಡಸಾಲೆಯಲ್ಲಿ ಕೂತಿದ್ದ ಶಿವಲೀಲಾ ಟೀಚರ್ ನನ್ನನ್ನು ನೋಡಿ ಎದ್ದು ಬಂದರು.

"ನಿಮ್ಮ ಉಪಕಾರ ಮರಿಯಾಂಗಿಲ್ಲ ಅಣ್ಣಾರ. ಅಪ್ಪಾಜಿಗಿ ಕೊನಿತನಕ ಗೊತ್ತಾಗಲಿಲ್ಲ. ಹ್ವಾದ ವಾರ ನಾ ಹನಿ ಹಾಕಾಕತ್ತಿದ್ದೆ. 'ಇವತ್ತ ಬೆಳಕು ಸ್ವಲ್ಪ ಹೆಚ್ಚಿಗಿ ಕಾಣ್ತದವ್ವಾ' ಅಂದ್ರು. ಅಷ್ಟ ಸಾಕು ನನಗ."

ನಾನು ಅವರಿಗೆ ಕೈ ಮುಗಿದೆ.

"ಹೌದ್ರಿ ಅಕ್ಕಾರ," ಎಂದೆ, "ಅವರಿಗೆ ಗೊತ್ತಿರಲಿಲ್ಲ."